ಸಿಂಕ್ ಕೆಳಗಿನ ಮೇಸ್ತ್ರಿ

ಜನವರಿ 18, ಗುರುವಾರ

ಸಿಂಕ್ ಕೆಳಗಿನ ಕಬೋರ್ಡಿನ ಎರಡೂ ಬಾಗಿಲು ಮತ್ತೆ ಬಾಯಿ ಬಿಟ್ಟಿವೆ. ಸನ್‌ಮೈಕ ಹಾಳೆ ಅರ್ಧ ಎದ್ದು ನಿಂತಿದೆ. ಭಾನುವಾರ ಶ್ರೀನಿವಾಸಪುರದಿಂದ ಹೆಣ್ಣಿನ ಕಡೆಯವರು ಮನೆ ನೋಡಲು ಬರುತ್ತಾರೆ, ಮೊಮ್ಮಗ ನಂದೀಶನಿಗೆ. ಹೆಂಗಸರು ಅಡುಗೆಮನೆಯ ಒಂದೊಂದು ಕಬೋರ್ಡನ್ನೂ ತೆಗೆದು ನೋಡದೆ ಬಿಡುವುದಿಲ್ಲ. ಮಾಲೂರಿನ ಕಾರ್ಪೆಂಟರ್ ಎರಡು ವಾರ ಆಗುತ್ತೆ ಅಂದನಂತೆ. ಮಗ ಮುರಳಿಮೋಹನ್ ತಲೆ ಮೇಲೆ ಕೈ ಹೊತ್ತು ಕೂತ. ನಾನಿದ್ದೀನಲ್ಲ ಅಂದೆ. ಮೊಮ್ಮಗನ ಮದುವೆಯಲ್ಲಿ ಅಕ್ಷತೆ ಹಾಕಿದರೆ ಸಾಕು ನನಗೆ — ಎರಡು ಬಾಗಿಲು ಅಂಟಿಸುವುದು ಏನು ಮಹಾ.

ಜನವರಿ 20

ಹಾಳೆಯ ಮೇಲೆ ಬಟ್ಟೆ ಹಾಸಿ ಬಿಸಿ ಇಸ್ತ್ರಿಪೆಟ್ಟಿಗೆ ಇಟ್ಟೆ. ಹಳೆ ಗಮ್ ಮೆತ್ತಗಾಯಿತು, ಕೆರೆದೆ. ಎರಡೂ ಕಡೆ ಹೊಸ ಗಮ್. ಬೆರಳಿಗೆ ಅಂಟದಷ್ಟು ಒಣಗುವ ತನಕ ಕಾಯಬೇಕು. ಆಮೇಲೆ ಒಂದೇ ಸಲಕ್ಕೆ ಕೂರಿಸಬೇಕು, ಸರಿಸಲು ಆಗುವುದಿಲ್ಲ. ಮೊದಲನೆಯದು ಸೊಟ್ಟಗೆ ಕೂತುಬಿಟ್ಟಿತು... ನಾಳೆ ಕಿತ್ತು ಮತ್ತೆ ಅಂಟಿಸುವೆ. ಎರಡನೆಯದು ಚೆನ್ನಾಗಿ ಬಂತು. ಲಟ್ಟಣಿಗೆ ಉರುಳಿಸಿ ಒತ್ತಿದೆ. ಸೊಸೆ ನಕ್ಕಳು. "ತೊಳೆದಿಡಿ ಮಾವ, ನಾಳೆ ಅದ್ರಲ್ಲೇ ಹೋಳಿಗೆ."

ಜನವರಿ 21, ಸಂಜೆ

ಒಂದು ಗಂಟೆ ಮುಂಚೆ ಬಂದುಬಿಟ್ಟರು. ಹರಿದ ಬನೀನಿನಲ್ಲಿ, ಸಿಂಕ್ ಕೆಳಗೆ ತಲೆ ತೂರಿಸಿದ್ದೆ. ಹುಡುಗಿಯ ತಾಯಿ ಅಂಜಮ್ಮ ನೇರ ಅಡುಗೆಮನೆಗೇ ಬಂದರು. "ಏಮಯ್ಯಾ ಮೇಸ್ತ್ರಿ, ಇನ್ನೂ ಮುಗ್ದಿಲ್ವಾ?"

ಮುರಳಿ ನನ್ನ ಮುಖ ನೋಡಿದ. ಬನೀನು ನೋಡಿದ. "ಆಯ್ತು ಅಮ್ಮ, ಇನ್ನೇನು ಹೊರಡ್ತಾರೆ."

ಹೊರಟೆ, ಹಿಂದಿನ ಬಾಗಿಲಿನಿಂದ. ಸ್ಟೇಷನ್ ಬೆಂಚಿನಲ್ಲಿ ಕೂತು ಮೂರು ಟ್ರೇನ್ ಹೋಗುವುದನ್ನು ನೋಡಿದೆ.

ಬಂದ ಮೇಲೆ ನಂದೀಶ ಹೋಳಿಗೆ ತಟ್ಟೆ ತಂದಿಟ್ಟ. "ತಾತ, ಒಪ್ಕೊಂಡ್ರು." ಕಣ್ಣೆತ್ತಲಿಲ್ಲ.

ಮುರಳಿ ಮಾತ್ರ ಹೇಳಿದ: "ಬೇಜಾರ್ ಮಾಡ್ಕೋಬೇಡಪ್ಪ. ಮದುವೆ ಹೊತ್ತಿಗೆ ಅವರಿಗೆ ನಿಜ ಹೇಳ್ತೀನಿ."

ಫೆಬ್ರವರಿ 19

ಅಂಜಮ್ಮ ಫೋನ್ ಮಾಡಿದ್ದರಂತೆ. ಅವರ ಕಬೋರ್ಡುಗಳೂ ಎದ್ದಿವೆ. ಆ ಮೇಸ್ತ್ರಿಯನ್ನೇ ಕಳಿಸಿ ಅಂದರಂತೆ.

"ಒಂದಿನ ಹೋಗಿ ಬಾ ಅಪ್ಪ. ಈಗ ನಿಜ ಹೇಳಿದ್ರೆ ಮರ್ಯಾದೆ ಹೋಗುತ್ತೆ," ಅಂದ ಮುರಳಿ.

"ಯಾರ್ದು?" ಅಂದೆ.

ಮೊಬೈಲಿನಲ್ಲಿ ಬಸ್ಸಿನ ಟೈಮ್ ಹುಡುಕುತ್ತಿದ್ದ.

ಫೆಬ್ರವರಿ 25, ಸಂಜೆ

ಶ್ರೀನಿವಾಸಪುರಕ್ಕೆ ಹೋಗಿ ಬಂದೆ. ಮೂರು ಬಾಗಿಲು. ಒಂದೂ ಸೊಟ್ಟಗಾಗಲಿಲ್ಲ.

ಮದುವೆ ಹುಡುಗಿ ತ್ರಿವೇಣಿ ತಾನೇ ಕಾಫಿ ತಂದುಕೊಟ್ಟಳು. ಒಳ್ಳೆಯ ಮಗು. ಪಕ್ಕದಲ್ಲೇ ಕೂತು ಹೇಳಿದಳು, "ಆ ಮನೇಲಿ ಹಿರಿಯರು ಅಂತ ಒಬ್ರು ಇದ್ದಿದ್ರೆ ಚೆನ್ನಾಗಿತ್ತು ಮೇಸ್ತ್ರಿ. ಅವರ ತಾತ ತೀರ್ಕೊಂಡು ಎರಡು ವರ್ಷ ಆಯ್ತಂತೆ."

ಲೋಟ ಕೆಳಗಿಟ್ಟೆ.

ಹೊರಡುವಾಗ ಅಂಜಮ್ಮ ಲಗ್ನಪತ್ರಿಕೆ ತೋರಿಸಿದರು. ಪ್ರೆಸ್ಸಿನ ವಾಸನೆ ಇನ್ನೂ ಹೋಗಿಲ್ಲ. 'ದಿ. ಆದಿಲಕ್ಷ್ಮಮ್ಮ ಮತ್ತು ದಿ. ಚನ್ನರಾಯಪ್ಪನವರ ಮೊಮ್ಮಗ...' ನನ್ನ ಆದಿಲಕ್ಷ್ಮಿ ಹೋಗಿ ಆರು ವರ್ಷ. ಪಕ್ಕದಲ್ಲೇ ನನ್ನನ್ನೂ ಕೂರಿಸಿದ್ದಾರೆ, ದಿವಂಗತ ಎಂದು, ನೆಟ್ಟಗೆ.

"ನೀವೂ ಬರ್ಬೇಕು. ಕೆಲಸದವರು ಅಂತ ಹಿಂದೆ ನಿಂತ್ಕೋಬೇಡಿ, ಮುಂದೇನೇ ಕೂತ್ಕೊಳ್ಳಿ." ಕವರ್ ಮೇಲೆ ಪೆನ್ನು ಇಟ್ಟು ಕಾದರು. "ಹೆಸರೇನು?"

"ಕದಿರೇಶ." ಬಾಯಿಗೆ ಬಂದ ಹೆಸರು ಹೇಳಿದೆ.

ಈಗ ಮುರಳಿ ಆ ಕವರ್ ಹಿಡಿದು ನನ್ನ ಮಂಚದ ಪಕ್ಕ ನಿಂತಿದ್ದಾನೆ. "ಕದಿರೇಶ ಯಾರಪ್ಪ?"

"ಮದುವೆಗೆ ಬರೋನು. ಹೆಣ್ಣಿನ ಕಡೆಯಿಂದ."

ಪತ್ರಿಕೆ ತೆಗೆದು ಓದಲಿಲ್ಲ. ಒಳಗೆ ಏನಿದೆ ಎಂದು ಅವನಿಗೆ ಗೊತ್ತು, ಬರೆಸಿದವನೇ ಅವನು.