ಬೊಳ್ಳಿಯ ಮುಂಗಾಲು

ಇನ್ನಂಜೆ
೬ ಏಪ್ರಿಲ್ ೨೦೨೫

ಪ್ರೀತಿಯ ಮಗಳು ವಿಜೇತಾಳಿಗೆ,

ನಿನ್ನ ದೇವದಾಸ ಮಾವನ ಆಶೀರ್ವಾದಗಳು. ನಾವಿಲ್ಲಿ ಎಲ್ಲರೂ ಕ್ಷೇಮ, ಕೊಟ್ಟಿಗೆಯಲ್ಲಿರುವವಳೂ ಸೇರಿ. ಪತ್ರ ತಡವಾಯಿತೆಂದು ಬೈಯಬೇಡ. ಫೋನಿನಲ್ಲಿಯೇ ಹೇಳಬಹುದಿತ್ತು. ಆದರೆ ನಾನು ಫೋನು ಹಿಡಿದ ಕೂಡಲೇ ನಿನ್ನ ಬೇಬಿ ಮಾಮಿ ಪಕ್ಕದಲ್ಲಿ ಕುಳಿತು ನನ್ನ ಮಾತನ್ನೆಲ್ಲ ತಿದ್ದುತ್ತಾಳೆ. ತಿದ್ದಿದ ಮೇಲೆ ಅದರಲ್ಲಿ ಎಂತ ಉಳಿಯುತ್ತದೆ? ಪಕ್ಕದ ಮನೆಯ ಪ್ರಖ್ಯಾತ್ ಶುಕ್ರವಾರ ನಿನ್ನ ಮಸ್ಕತ್ತಿಗೇ ಹೊರಡುತ್ತಾನೆ. ಹಲಸಿನ ಹಪ್ಪಳದ ಕಟ್ಟಿನ ಜೊತೆ ಇದನ್ನೂ ಅವನ ಬ್ಯಾಗಿಗೆ ತುರುಕುತ್ತೇನೆ. ಹಪ್ಪಳ ಪುಡಿಯಾಗಿದ್ದರೆ ಅವನನ್ನು ಕೇಳು, ಅಕ್ಷರ ಸೊಟ್ಟಗಾಗಿದ್ದರೆ ನಮ್ಮೂರ ಶಾಲೆಯ ಮಾಸ್ಟ್ರನ್ನು ಕೇಳು.

ಮೊದಲು ನಿನಗೆ ದೊಡ್ಡ ಉಪಕಾರ ಸ್ಮರಣೆ. ನಮ್ಮ ಕುದುರೆ ಬೊಳ್ಳಿ ಇವತ್ತು ನಾಲ್ಕೂ ಕಾಲು ಊರಿ ಅಂಗಳಕ್ಕೆ ಸುತ್ತು ಬಂದಳು, ನೋವಿಗೆ ತಲೆ ಜಗ್ಗದೆ. ಅದು ನಿನ್ನಿಂದ.

ನಿನ್ನ ಮದುವೆ ನಿಶ್ಚಯವಾದಾಗ ನಾನು ಇಡೀ ಇನ್ನಂಜೆಗೆ ಸಾರಿಬಿಟ್ಟಿದ್ದೆನಲ್ಲ. ಕುದುರೆಯ ಮೇಲೆ ಮದುಮಗ ಬರುವುದನ್ನು ಎಲ್ಲರೂ ನೋಡಿದ್ದೀರಿ, ನಮ್ಮಲ್ಲಿ ಮದುಮಗಳು ಬರುತ್ತಾಳೆ, ಲಗಾಮು ಹಿಡಿಯುವವನು ಈ ದೇವದಾಸ ಎಂದು. ಪಡುಬಿದ್ರಿಯ ಇಮ್ಯಾನುಯೆಲ್ ಬೊಳ್ಳಿಯನ್ನು ನನಗೆ ಕೊಡುವ ಮೊದಲು ಅವಳು ಕಾಪು ಬೀಚಿನಲ್ಲಿ ಮಕ್ಕಳನ್ನು ಹೊರುತ್ತಿದ್ದಳು, ನಿನಗೂ ಗೊತ್ತುಂಟು. ಮಕ್ಕಳನ್ನು ಹೊತ್ತವಳು ಜರಿ ಸೀರೆಯ ಮದುಮಗಳನ್ನು ಹೊರಬೇಕಾದರೆ ಕಾಲಿಗೆ ಇನ್ನೂ ಬಲ ಬೇಡವಾ? ಕಂಬಳದ ಕೋಣಗಳನ್ನು ಓಡಿಸಿದ ಕೈ ನನ್ನದು. ಕುದುರೆ ಎಂದರೆ ಸ್ವಲ್ಪ ತೆಳ್ಳಗಿನ ಕೋಣ ಎಂದೇ ನನ್ನ ತಿಳುವಳಿಕೆ. ಕ್ರಿಸ್ಮಸ್ಸಿನ ಮರುದಿನ ಅವಳನ್ನು ಕಂಬಳ ಗದ್ದೆಗೆ ಇಳಿಸಿ ಓಡಿಸಿದೆ. ಮೆತ್ತಗಿನ ಕೆಸರು, ಕಾಲಿಗೆ ಹಿತ ಎಂದುಕೊಂಡೆ. ದಡ ಹತ್ತುವಾಗ ಎಡ ಮುಂಗಾಲು ಎತ್ತಿ ಹಿಡಿದಳು.

ಕೋಣಕ್ಕೆ ಉಳುಕಿದರೆ ಎಂತ ಮಾಡುತ್ತೇವೆ? ಬಿಸಿ ಎಣ್ಣೆ. ಹಾಕಿ ಉಜ್ಜಿದ್ದೇ ಉಜ್ಜಿದ್ದು. ಬೆಳಿಗ್ಗೆ ನೋಡಿದರೆ ಮೊಣಕಾಲಿನ ಕೆಳಗೆ ಹಿಂಬದಿ ನೇಂದ್ರ ಬಾಳೆಕಾಯಿಯಂತೆ ಬಾಗಿ ಊದಿಕೊಂಡಿತ್ತು, ಮುಟ್ಟಿದರೆ ಕಾವಲಿಯ ಹಾಗೆ ಸುಡುತ್ತಿತ್ತು. ಆಗ ನಿನ್ನ ಮಾಮಿ ವೀಡಿಯೋ ಕಾಲ್ ಮಾಡಿದ್ದು. ನೀನು ನೋಡಿದವಳೇ ಕೂಗಿದೆ: “ಮಾವಾ, ಆ ಎಣ್ಣೆ ಕೆಳಗಿಡಿ! ತಣ್ಣೀರು ಬಿಡಿ, ಐಸ್ ಇಡಿ, ಒಂದು ಹೆಜ್ಜೆಯೂ ನಡೆಸಬೇಡಿ!” ಮನುಷ್ಯರ ಕಾಲು ಸರಿಮಾಡುವ ಫಿಸಿಯೋಥೆರಪಿಯವಳು ನನ್ನ ಕುದುರೆಗೆ ಬುದ್ಧಿ ಹೇಳುತ್ತಾಳಲ್ಲ ಎಂದು ನನಗೆ ಸಿಟ್ಟು ಬಂದದ್ದು ನಿಜ. ಆದರೂ ಪಂಪು ಹಾಕಿದೆ. ನೀರು ಬಿದ್ದ ಮೇಲೆ ಬೊಳ್ಳಿ ಕಣ್ಣು ಅರೆ ಮುಚ್ಚಿದಳು. ಅಲ್ಲಿಗೆ ನನ್ನ ಸಿಟ್ಟು ಹೋಯಿತು.

ಮಣಿಪಾಲದ ನಿನ್ನ ಗೆಳತಿಯರಲ್ಲಿ ವಿಚಾರಿಸಿ ಕಾರ್ಕಳದ ಆಂಜೆಲಾ ಡಾಕ್ಟರನ್ನು ಕಳಿಸಿದೆಯಲ್ಲ, ಅದಕ್ಕೂ ಉಪಕಾರ. ಹಿಂದೆ ರೇಸ್ ಕುದುರೆಗಳಿಗೆ ಮದ್ದು ಮಾಡಿದವರು, ನಗುತ್ತಲೇ ಬೈಯುತ್ತಾರೆ. ಕಾಲಿನ ಮೇಲೆ ಜೆಲ್ ಹಚ್ಚಿ ಸ್ಕ್ಯಾನಿಂಗ್ ಯಂತ್ರ ಇಟ್ಟರು. ನಾವು ನರ ಎನ್ನುವುದನ್ನು ಅವರು ಟೆಂಡನ್ ಎನ್ನುತ್ತಾರೆ. ಪರದೆಯಲ್ಲಿ ಅದರ ನಡುವೆ ಕಪ್ಪು ತೂತು.

“ದೇವದಾಸಣ್ಣ, ಇದು ಹಗ್ಗ ಇದ್ದ ಹಾಗೆ. ಒಳಗಿನ ಎಳೆಗಳು ಹರಿದಿವೆ. ಎಲ್ಲಿ ಓಡಿಸಿದಿರಿ?”

“ಕಂಬಳ ಗದ್ದೆಯಲ್ಲಿ.”

“ದೇವರೇ! ಕೋಣದ ಗೊರಸು ಎರಡಾಗಿ ಅಗಲಿಸುತ್ತದೆ, ಕೆಸರಿನಲ್ಲಿ ಹೂತರೂ ಮೇಲೆ ಬರುತ್ತದೆ. ಇವಳದು ಒಂದೇ ಗೊರಸು. ಕೆಸರು ಹಿಡಿದೆಳೆದರೆ ಭಾರವೆಲ್ಲ ಈ ನರದ ಮೇಲೆ. ಬಹುಮಾನ ಬಂತಾ?”

ನಿನ್ನ ಮಾಮಿ ಒಳಗೆ ಹೋಗಿ ನಕ್ಕಳು. ನನಗೆ ಕೇಳಿಸಿತು.

ಇಮ್ಯಾನುಯೆಲ್ ಬಂದು, “ನಮ್ಮ ಅಪ್ಪನ ಕಾಲದಲ್ಲಿ ಕಬ್ಬಿಣ ಕಾಸಿ ಬರೆ ಹಾಕುತ್ತಿದ್ದರು ಮಾರಾಯ, ಎದ್ದು ಓಡುತ್ತಿತ್ತು” ಎಂದ. ಡಾಕ್ಟರು ಅವನನ್ನು ನೋಡಿದ ನೋಟಕ್ಕೆ ಅವನೇ ಓಡಬೇಕಿತ್ತು. “ಒಂದು ಗಾಯಕ್ಕೆ ಇನ್ನೊಂದು ಗಾಯ ಮದ್ದಾ?” ಎಂದರು. ಮತ್ತೆ ನಮ್ಮನ್ನು ಕೂರಿಸಿ ಸಮಾಧಾನದಲ್ಲಿ ಹೇಳಿದರು. ದೊಡ್ಡ ಊರಿನ ರೇಸ್ ಕುದುರೆಗಳಿಗೆ ಕಾಂಡಕೋಶದ ಚಿಕಿತ್ಸೆ ಎಂತದೋ ಉಂಟಂತೆ, ಆದರೆ ಅಲ್ಲಿಯವರೆಗೆ ಇವಳನ್ನು ಲಾರಿಯಲ್ಲಿ ನಿಲ್ಲಿಸಿ ಒಯ್ಯುವುದೇ ಕಾಲಿಗೆ ಕೇಡು. ಅವಳದೇ ರಕ್ತ ತೆಗೆದು, ಯಂತ್ರದಲ್ಲಿ ತಿರುಗಿಸಿ, ಅದರ ಸಾರವನ್ನು ಆ ತೂತಿಗೆ ಚುಚ್ಚುವುದು ಇಲ್ಲಿಯೇ ಆಗುತ್ತದೆ, ಆದರೆ ಗ್ಯಾರಂಟಿ ಇಲ್ಲ. ಯಾವುದನ್ನು ಮಾಡಿದರೂ ವಿಶ್ರಾಂತಿ ತಪ್ಪುವುದಿಲ್ಲ. ಮೊದಲು ಕೊಟ್ಟಿಗೆ, ಹತ್ತಿ ಸುತ್ತಿದ ಬಿಗಿ ಪಟ್ಟಿ. ಆಮೇಲೆ ಗಟ್ಟಿ ನೆಲದಲ್ಲಿ ಹಗ್ಗ ಹಿಡಿದು ಸ್ವಲ್ಪವೇ ನಡಿಗೆ. ಸ್ಕ್ಯಾನ್ ಸರಿ ಎಂದರೆ ಮಾತ್ರ ಇನ್ನು ಸ್ವಲ್ಪ. ರಕ್ತದ ಸಾರ ಚುಚ್ಚಿಸಿದೆವು. ಬೊಳ್ಳಿ ಅಲುಗಲಿಲ್ಲ, ನಾನು ಬೇರೆ ಕಡೆ ನೋಡಿದೆ.

ಆಂಜೆಲಾ ಮೊನ್ನೆ ಪುನಃ ಸ್ಕ್ಯಾನ್ ಮಾಡಿದರು. ತೂತು ತುಂಬುತ್ತಾ ಬಂದಿದೆ. ನಾನು ಮೆಲ್ಲ ಕೇಳಿದೆ, “ಮೇ ತಿಂಗಳ ಮದುವೆಗೆ ನಮ್ಮ ಹುಡುಗಿಯನ್ನು ಕೂರಿಸಬಹುದಾ?”

“ಭಾರ ಹೊರುವ ಮಾತು ಮಳೆಗಾಲ ಕಳೆದ ಮೇಲೆ. ಅದೂ ನೋಡಿಕೊಂಡು.”

“ಆ ಒಂದು ದಿನಕ್ಕೆ ನೋವಿನ ಇಂಜೆಕ್ಷನ್ ಕೊಟ್ಟರೆ?”

“ಕೊಟ್ಟರೆ ನಡೆಯುತ್ತಾಳೆ. ನೋವು ಗೊತ್ತಾಗದೆ ಚಂದವಾಗಿಯೇ ನಡೆಯುತ್ತಾಳೆ. ಮದುಮಗಳು ಮೇಲಿರುವಾಗಲೇ ಪೂರ್ತಿ ಹರಿದರೆ ಮತ್ತೆ ಏಳುವುದಿಲ್ಲ. ನಿಮ್ಮ ಕುದುರೆ, ನೀವೇ ಹೇಳಿ.”

ನಾನು ಕೊಟ್ಟಿಗೆಗೆ ಹೋದೆ. ಬೊಳ್ಳಿ ನನ್ನ ಅಂಗಿಯ ಕಿಸೆಯಲ್ಲಿ ಬೆಲ್ಲ ಹುಡುಕಿದಳು. ಓಡಿಸಿದವನು ನಾನೇ ಎಂಬುದು ಅವಳ ಲೆಕ್ಕದಲ್ಲಿ ಇಲ್ಲವೇ ಇಲ್ಲ. ಹೊರಗೆ ಬಂದು, “ಬೇಡ” ಎಂದೆ. ನಿನಗೆ ಫೋನ್ ಮಾಡಿದಾಗ ನೀನು, “ಅಯ್ಯೋ ಮಾವ, ಅದಕ್ಕೆ ಎಂತ ಬೇಜಾರು? ನಾನು ನಡೆದೇ ಬರುತ್ತೇನೆ” ಎಂದು ನಕ್ಕೆ. ಅಷ್ಟು ಹಗುರಾಗಿ ಹೇಳಿದ್ದಕ್ಕೆ ನನ್ನ ಕೊನೆಯ ಉಪಕಾರ ಸ್ಮರಣೆ. ಇಲ್ಲದಿದ್ದರೆ ನಾನು ಆ ಇಂಜೆಕ್ಷನ್ನಿನ ಬಗ್ಗೆ ಇನ್ನೊಮ್ಮೆ ಯೋಚಿಸುತ್ತಿದ್ದೆನೋ ಏನೋ.

ಊರವರಿಗೆ, ನಾನು ಕಂಡುಹಿಡಿದ ಹೊಸ ಚಿಕಿತ್ಸೆಯಿಂದ ಕುದುರೆ ಉಳಿಯಿತು ಎಂದಿದ್ದೇನೆ. ಮದುವೆಯ ರಜೆಯಲ್ಲಿ ಬಂದಾಗ ಯಾರಾದರೂ ಕೇಳಿದರೆ ಹೌದು ಎನ್ನು.

ನೀನೂ ಸುಕೇಶನೂ ನೂರು ವರ್ಷ ನಗುತ್ತಾ ಬಾಳಿ. ಹೊತ್ತು ಹೊತ್ತಿಗೆ ಊಟ ಮಾಡು. ದೇವರು ನಿನ್ನ ಕೈಗೆ ಇನ್ನೂ ಗುಣ ಕೊಡಲಿ.

ಇಂತಿ ನಿನ್ನ ಮಾವ,
ದೇವದಾಸ

ಮಡಚುವ ಮೊದಲು ಇನ್ನೊಂದು: ಇದನ್ನು ಮಾಮಿ ಓದಿಲ್ಲ. ನಿಶ್ಚಿತಾರ್ಥದ ದಿನ ನಿಮ್ಮ ಬನ್ನಂಜೆಯ ಮನೆಯಲ್ಲಿ ನಿನ್ನ ಅಮ್ಮ, ಮದುವೆಯ ಏರ್ಪಾಡು ವಹಿಸಿಕೊಂಡ ಇವೆಂಟಿನವರು ಹೇಳಿದ್ದನ್ನೆಲ್ಲ ಸಂಭ್ರಮದಿಂದ ಹೇಳಿದಳು. ಮದುಮಗಳು ಹೂವಿನ ಚಾದರದ ಕೆಳಗೆ ಬರುವುದು, ನಾಲ್ಕು ಮೂಲೆ ಹಿಡಿಯುವುದು ಗೆಳತಿಯರು. “ನೀನು ಎದುರಿನ ಸೋಫಾದಲ್ಲಿ ಕೂತುಕೋ, ಚಂದ ಕಾಣುತ್ತದೆ” ಎಂದಳು. ಚಂದವೇ ಇರುತ್ತದೆ. ನನ್ನ ಅಕ್ಕ, ನಿನ್ನ ಅಮ್ಮನ ಮದುವೆಯಲ್ಲಿ ಅವಳ ಕೈ ಹಿಡಿದು ಮಂಟಪಕ್ಕೆ ಕರೆತಂದವರು ನಮ್ಮ ಸೋದರಮಾವ. ನೀನು ಹುಟ್ಟಿದ ದಿನದಿಂದ ಆ ಕೆಲಸ ನನ್ನದೆಂದು ನಾನು ತಿಳಿದುಕೊಂಡಿದ್ದೆ. ಕುದುರೆಯ ಮಾತು ತೆಗೆದದ್ದು ಆ ಸಂಜೆಯೇ. ಕುದುರೆಯಾದರೆ ಲಗಾಮು ಹಿಡಿಯಲು ಒಬ್ಬ ಬೇಕೇ ಬೇಕಲ್ವಾ?

ನಡೆದೇ ಬರುತ್ತೇನೆ ಎಂದೆಯಲ್ಲ. ಗೇಟಿನಿಂದ ಮಂಟಪದವರೆಗೆ ನಾನೂ ಪಕ್ಕದಲ್ಲಿ ನಡೆಯಬಹುದಾ ಮಗಾ? ಚಾದರದ ಕೆಳಗೆ ಬೇಡ, ಹೊರಗಿನಿಂದಲೇ. ಆಗುವುದಿಲ್ಲವಾದರೆ ಅಮ್ಮನಿಗೆ ಎಂತದೂ ಹೇಳಬೇಡ, ಸೋಫಾದಲ್ಲಿ ಕುಳಿತುಕೊಳ್ಳುತ್ತೇನೆ.