ಡಬ್ಬಿಯೊಳಗಿನ ಕೆಮ್ಮಣ್ಣು

ನವೆಂಬರ್ ೧೮, ಮಂಗಳವಾರ. ಬಾಣಾವರ

ನಾಳೆ ನಾನು ಮೇಕಪ್ ಮಾಡಬೇಕಾದ ಮದುಮಗಳಿಗೆ ಸುಗಂಧ ಬೆರೆಸಿದ ಕ್ರೀಮ್ ತಾಕಿದರೆ ಕಣ್ಣು ಉರಿಯುತ್ತದಂತೆ. ಹಾಗಾಗಿ ಕಣ್ಣಿನ ಕೆಳಗೆ ಹಚ್ಚುವ ಕನ್ಸೀಲರ್ ಡಬ್ಬಿಯ ಮೇಲೆ ಬರೆದಿರುವುದನ್ನು ಇವತ್ತು ಮೊದಲ ಸಲ ಓದಿದೆ. ಪಾರ್ಲರ್ ತೆರೆದು ನಾಲ್ಕು ವರ್ಷವಾಯಿತು, ನಾಚಿಕೆಯಾಗಬೇಕು ನನಗೆ.

ಇರುವೆ ಸಾಲಿನಂಥ ಅಕ್ಷರ. ಒಂದೊಂದೇ ಹೆಸರನ್ನು ಮೊಬೈಲಿನಲ್ಲಿ ಹುಡುಕಿ ಗಟ್ಟಿಯಾಗಿ ಹೇಳುತ್ತಾ ಹೋದೆ. ಸುಗಂಧ ಇರಲಿಲ್ಲ, ಸಮಾಧಾನವಾಯಿತು. ಮೊದಲು ಸಿಕ್ಕಿದ್ದು ಹರಳೆಣ್ಣೆ. ರಾಗಿ ಕೇರುತ್ತಿದ್ದ ಅಜ್ಜಿ ಮೊರ ಕೆಳಗಿಟ್ಟಳು. "ನಿಂಗೆ ಕಾಡಿಗೆ ಕಲಸ್ತಿದ್ನಲ್ಲೇ, ಅದೇ ಎಣ್ಣೆ." ಆಮೇಲೆ ಮೈಕಾ, ಅಂದರೆ ಕಾಗೆ ಬಂಗಾರ. ಚಿಕ್ಕವಳಿದ್ದಾಗ ಹೊಲದ ಬದುವಿನಲ್ಲಿ ಅದನ್ನು ಆರಿಸಿ ಲಂಗದಲ್ಲಿ ಕಟ್ಟಿಕೊಂಡು ಬರುತ್ತಿದ್ದೆ. ಕೊನೆಗೆ ಐರನ್ ಆಕ್ಸೈಡ್. ಕೆಮ್ಮಣ್ಣಿಗೆ ಕೆಂಪು ಬರುವುದೂ ಅದರಿಂದಲೇ ಅಂತೆ!

ಅಜ್ಜಿ ಡಬ್ಬಿಯಿಂದ ಒಂದು ಚೂರು ತೆಗೆದು ಮುಂಗೈ ಮೇಲೆ ತಿಕ್ಕಿ, ಬೆಳಕಿಗೆ ಹಿಡಿದು ನೋಡಿದಳು. "ಇಷ್ಟೂ ನಮ್ಮ ಹೊಲ್ದಲ್ಲೇ ಐತಲ್ಲೇ!"

ಆ ಹೊಲದ ಧೂಳು ಮುಖಕ್ಕೆ ತಾಗಬಾರದೆಂದು, ಹೋದಾಗಲೆಲ್ಲ ಕಣ್ಣಿನವರೆಗೂ ವೇಲ್ ಸುತ್ತಿಕೊಳ್ಳುವವಳು ನಾನು.