ಹಾಲು ಬತ್ತುವ ಮೊದಲು

ಮೇ 20, ಬೆಳಿಗ್ಗೆ

ಎಲೆಕೋಸಿನ ಎಲೆ ಮತ್ತೆ ಬದಲಾಯಿಸಿದೆ. ಫ್ರಿಜ್ಜಿನಿಂದ ತೆಗೆದಾಗ ತಣ್ಣಗೆ, ಗರಿಗರಿ. ಎದೆಯ ಮೇಲಿಟ್ಟ ಸ್ವಲ್ಪ ಹೊತ್ತಿಗೆಲ್ಲ ಬೆಂದ ಹಾಗೆ ಬಾಡುತ್ತದೆ. ಒಳಗೆ ಅಷ್ಟು ಕಾವು.

ಜುಮಾನಾಗೆ ಎರಡು ವರ್ಷ ತುಂಬಿತು. ಹಾಲು ಬಿಡಿಸಿಯಾಯಿತು. ಅವಳು ಅತ್ತಿದ್ದು ಒಂದೇ ದಿನ. ಅತ್ತೆ ಲೋಳೆಸರದ ಕಹಿ ಹಚ್ಚಿಸಿದ್ದರು. ಮಗು ನೆಕ್ಕಿತು, ಮುಖ ಹಿಂಡಿತು, ನನ್ನ ಎದೆ ತಟ್ಟಿ "ಪಾಪ" ಅಂದಿತು. ಈಗ ಅಳುತ್ತಿರುವುದು ನನ್ನ ಮೈ.

ಅತ್ತೆ ಕೋಲೂರಿಕೊಂಡು ಬಾಗಿಲಲ್ಲಿ ನಿಂತು ನಕ್ಕರು. "ಅನ್ನ ತುಂಬಿ ಸುತ್ತೋ ಎಲೆನ ಎದೆಗೆ ಸುತ್ಕೊಂಡಿದ್ದೀಯಲ್ಲೇ ಹುಡುಗಿ! ಗುರುವಾರ ನನ್ನ ಮಗ ಅಕಬಾ ಬಂದರಿನಿಂದ ಬಂದು ಊಟ ಎಲ್ಲಿ ಅಂದ್ರೆ ಏನ್ ತೋರಿಸ್ತೀಯಾ?"

ಹುಡುಗಿ! ನಲವತ್ತೇಳು ನನಗೆ. ಜುಮಾನಾ ಮೊದಲನೆಯದು. ಕೊನೆಯದೂ.

ಮರಮಿಯಾ ಎಲೆ ಹಾಕಿದ ಚಹಾ ತಂದಿಟ್ಟರು. ಎರಡು ವರ್ಷ ಮುಟ್ಟಿರಲಿಲ್ಲ. ಈ ಬೂದುಬಣ್ಣದ ಎಲೆ ಹಾಲನ್ನು ಬತ್ತಿಸುತ್ತದೆಂದು ಬಾಣಂತಿಯರ ಲೋಟಕ್ಕೆ ಯಾರೂ ಹಾಕುವುದಿಲ್ಲ. ಕುಡಿದೆ. ಗುಡ್ಡದ ವಾಸನೆ. ಮದುವೆಗೆ ಮುಂಚಿನ ವಾಸನೆ.

ಮೇ 21, ಮಧ್ಯಾಹ್ನ

ಕವಿತೆ ಓದುತ್ತಾ ಕೂತಿದ್ದೆ. ಒಂದೇ ಸಾಲು, ಮತ್ತೆ ಮತ್ತೆ. ಪುಸ್ತಕ ಎದೆಗೆ ತಾಗಿದರೂ ನೋವು.

ಕೆಳಗಿನ ಮನೆಯಲ್ಲಿ ಮಗು ಅತ್ತಿತು. ಈ ಊರಿನಲ್ಲಿ ಒಬ್ಬರ ಛಾವಣಿ ಇನ್ನೊಬ್ಬರ ಅಂಗಳ, ಅಳುವಿಗೆ ಗೋಡೆಯಿಲ್ಲ. ನುಹಾಳ ಮಗ ಹೈಥಮ್, ಈಗಷ್ಟೇ ನಲವತ್ತು ದಿನ ಕಳೆದವನು. ನುಹಾಗೆ ಜ್ವರ. ಮಾತ್ರೆ ಮುಗಿಯುವ ತನಕ ಹಾಲು ಕೊಡಬಾರದಂತೆ. ಬಾಟಲಿಯದನ್ನು ಕುಡಿದಷ್ಟೂ ಕಕ್ಕುತ್ತಾನೆ.

ಅವನು ಅತ್ತ. ನನ್ನ ಅಂಗಿ ಒದ್ದೆಯಾಯಿತು. ಯಾರ ಮಗು ಎಂದು ಹಾಲು ಕೇಳುವುದಿಲ್ಲ...

ಮೇ 22

ಅತ್ತೆ ನಿನ್ನೆ ಎದೆಗೆ ಬಟ್ಟೆ ಬಿಗಿದು ಕಟ್ಟಿದ್ದರು. ಅವರ ಕಾಲದ ಪದ್ಧತಿ. ಬೆಳಗಾಗುವಷ್ಟರಲ್ಲಿ ಎಡಗಡೆ ಗಂಟು, ಏಪ್ರಿಕಾಟ್ ಬೀಜದಷ್ಟು. ಡಾಕ್ಟರ್‌ಗೆ ಫೋನ್ ಮಾಡಿದೆ. "ಮೊದಲು ಅದನ್ನ ಬಿಚ್ಚಿ" ಅಂದರು. ತಣ್ಣನೆಯದನ್ನೇ ಇಡಬೇಕು. ಸಹಿಸಲಾಗದಾಗ ಕೈಯಿಂದ ಸ್ವಲ್ಪ ಹಿಂಡಿ ತೆಗೆಯಬೇಕು, ಹಾಯೆನಿಸುವಷ್ಟೇ. ಪೂರ್ತಿ ತೆಗೆದರೆ ಮತ್ತೆ ತುಂಬುತ್ತದೆ. ಗಂಟು ಕರಗದೆ ಜ್ವರ ಬಂದರೆ ತಕ್ಷಣ ಬರಬೇಕು.

ಹಿಂಡಿದೆ. ಸಿಂಕಿಗೆ ಚೆಲ್ಲಲು ಕೈ ಬರಲಿಲ್ಲ. ತುಳಸಿಯಂಥ ರೆಹಾನ್ ಗಿಡದ ಬುಡಕ್ಕೆ ಸುರಿದೆ. ಮಣ್ಣು ಮೆಲ್ಲಗೆ ಕುಡಿಯಿತು.

ಮೇ 23, ಬೆಳಿಗ್ಗೆ

ನುಹಾ ಮೇಲೆ ಬಂದಳು. ಕಣ್ಣು ಗುಳಿ ಬಿದ್ದಿತ್ತು. ಅವಳ ಹೆಗಲ ಮೇಲೆ ಹೈಥಮ್, ಅತ್ತತ್ತು ಸ್ವರ ಬಿದ್ದಿತ್ತು.

"ಅಕ್ಕಾ, ನಿಮ್ಮ ಹತ್ರ... ಕೇಳೋಕೆ ನಾಚಿಕೆ."

"ಕೊಡು ಇಲ್ಲಿ."

ಬಾಯಿಟ್ಟ. ಕಣ್ಣು ಕತ್ತಲಿಟ್ಟಿತು, ಆಮೇಲೆ ತಿಳಿಯಾಯಿತು. ಗಂಟು ಸಡಿಲಾಗುವುದು ಗೊತ್ತಾಗುತ್ತಿತ್ತು, ಬೆಟ್ಟದೊಳಗೆ ಎಲ್ಲೋ ಮಂಜು ಕರಗಿದ ಹಾಗೆ. ಬೆಳಗಿನ ಬಿಸಿಲಿಗೆ ಕಿಟಕಿಯ ಹಳದಿ ಕಲ್ಲು ಕೆನೆಯ ಬಣ್ಣಕ್ಕೆ ತಿರುಗಿತ್ತು. ಹಿಪ್ಪುನೇರಳೆ ಹಣ್ಣು ಮೆತ್ತಿದ ಬಾಯಲ್ಲೇ ಜುಮಾನಾ ಬಂದು ಅವನ ಅಂಗಾಲನ್ನು ಒಂದು ಬೆರಳಿಂದ ಮುಟ್ಟಿದಳು. ಹೊಟ್ಟೆಕಿಚ್ಚಿಲ್ಲ. ಏನೋ ಕುತೂಹಲ.

ಎದ್ದಾಗ ನೋವಿರಲಿಲ್ಲ.

ಮೇ 24

ಅತ್ತೆಗೆ ತಿಳಿಯಿತು. ನಿನ್ನೆ ಸಂಜೆಯೂ ಕೊಟ್ಟಿದ್ದೆ.

"ಹಾಲು ಅಂದ್ರೆ ರಕ್ತ ಕಣೇ! ಐದು ಸಲ ಹೊಟ್ಟೆ ತುಂಬ ಕುಡಿದ್ರೆ ಅವನು ಈ ಮನೆ ಮಗ. ಎಮ್ಮೆ ಓದಿದ್ದೀಯ, ಅಷ್ಟೂ ಗೊತ್ತಿಲ್ವಾ?"

"ಎಂ.ಎ. ಅತ್ತೆ."

"ಯಾವುದೋ ಒಂದು. ಬೀದಿಗೆಲ್ಲ ಅಣ್ಣ ತಮ್ಮಂದಿರನ್ನ ಹಂಚ್ಕೊಂಡು ಬರ್ತೀಯಾ?"

ಆ ಮಾತು ಒಳಗೆ ಉಳಿಯಿತು. ಐದು ಸಲ... ಈ ಮನೆ ಮಗ. ಜುಮಾನಾಗೆ ತಮ್ಮ.

ನನಗೆ ಅಣ್ಣತಮ್ಮಂದಿರಿಲ್ಲ. ಹಬ್ಬದ ಬೆಳಿಗ್ಗೆ ಊರಿನ ಗಂಡಸರೆಲ್ಲ ಅಕ್ಕತಂಗಿಯರ ಬಾಗಿಲು ತಟ್ಟುತ್ತಾ ಹೊರಡುತ್ತಾರೆ. ನಮ್ಮ ತವರಿನಲ್ಲಿ ನಾನು ಬಾಗಿಲ ಹಿಂದೆ ಕೂತು ಪಕ್ಕದ ಮನೆಗಳ ತಟ್ಟುವಿಕೆ ಕೇಳುತ್ತಿದ್ದೆ. ಜುಮಾನಾಗೆ ಇಪ್ಪತ್ತಾದಾಗ ನನಗೆ ಅರವತ್ತೈದು. ಆಮೇಲೆ ಅವಳ ಬಾಗಿಲು ತಟ್ಟುವವರು ಯಾರು?

ಈ ಮೈ ಇನ್ನೊಂದು ಮಗು ಹೆರದು. ತಮ್ಮನನ್ನು ಕೊಡಬಲ್ಲದು. ಬತ್ತುವ ಮೊದಲು.

ಮೇ 26

ನಿನ್ನೆ ಇನ್ನೆರಡು ಸಲ ಕೊಟ್ಟೆ. ಇವತ್ತು ನುಹಾಗೆ ಹೇಳಿಯೇ ಬಿಟ್ಟೆ, ಏನು ಆಸೆಯೆಂದು. ಅವಳು ಬಹಳ ಹೊತ್ತು ಮಗನ ಕೂದಲು ನೇವರಿಸಿದಳು.

"ನಾಲ್ಕಾಯ್ತು ಅಕ್ಕಾ. ಐದಾದ್ರೆ ಹಿಂದಕ್ಕೆ ಬರೋ ಹಾಗಿಲ್ಲ. ಇವನ ಅಪ್ಪ ಬಾಸಿಲ್ ಲಾರಿ ತಗೊಂಡು ರಿಯಾದ್ ಕಡೆ ಹೋಗಿದಾರೆ. ಫೋನಲ್ಲಿ ಹೇಳ್ದೆ. ಹಬ್ಬಕ್ಕೆ ಬರ್ತೀನಿ, ಅಲ್ಲೀವರೆಗೂ ತಡಿ ಅಂದ್ರು." ಆಮೇಲೆ ನಗಲು ನೋಡಿದಳು. "ಅಕ್ಕ ತಮ್ಮ ಆದ್ರೆ ಮದುವೆ ಇಲ್ವಲ್ಲ, ನಿಮ್ಮ ಮಗಳನ್ನ ನಾನು ಸೊಸೆ ಮಾಡ್ಕೋಬೇಕು ಅಂತಿದ್ದೆ ಗೊತ್ತಾ?"

"ಎರಡು ವರ್ಷ ದೊಡ್ಡವಳು ಕಣೇ."

"ಇರ್ಲಿ, ಹೇಳಿದ ಮಾತು ಕೇಳೋ ಹಾಗೆ ಮಾಡ್ತಾಳೆ ಅವನನ್ನ!"

ಅವಳ ಮಾತ್ರೆಯೂ ಮುಗಿಯಿತು. ನಾಳೆಯಿಂದ ಅವಳದೇ ಹಾಲು.

ಜೂನ್ 3

ಎದೆ ಮೆತ್ತಗಾಗಿದೆ. ಎಲೆಕೋಸು ಬೇಕಿಲ್ಲ, ಅತ್ತೆ ಅದಕ್ಕೆ ಅನ್ನ ತುಂಬಿ ಬೇಯಿಸಿಬಿಟ್ಟರು. ಮರಮಿಯಾ ಚಹಾ ದಿನವೂ ಮುಂದಿಡುತ್ತಾರೆ. ಎಡಬದಿ ಪೂರ್ತಿ ಖಾಲಿಯಿರಬೇಕು. ಬಲಬದಿಯಲ್ಲಿ ಒತ್ತಿದರೆ ಒಂದು ಹನಿ.

ಇದಕ್ಕೇ ತಾನೇ ಬೇಡಿಕೊಂಡಿದ್ದು? ನೋವು ಹೋಯಿತು. ಹೆದರಿಕೆ ಬಂತು. ಇವತ್ತಿನ ಚಹಾ ರೆಹಾನ್ ಗಿಡಕ್ಕೆ.

ಬೆಳಗಿನ ಜಾವ ಕನಸು. ಇಡೀ ಗುಡ್ಡ ಬಿಳಿ. ಮೆಟ್ಟಿಲುಗಳ ಮೇಲಿಂದ ಹಾಲು ಇಳಿಯುತ್ತಿತ್ತು, ಸದ್ದಿಲ್ಲದೆ, ಪ್ರತಿ ಮನೆಯ ಹೊಸ್ತಿಲಲ್ಲೂ ಒಂದು ಕ್ಷಣ ನಿಂತು.

ಜೂನ್ 6, ಹಬ್ಬ

ಬೆಳಿಗ್ಗೆ ನನ್ನ ಗಂಡ ನಾಯೆಫ್ ನಮಾಜಿಗೆ ಹೋಗಿದ್ದರು. ಮೊದಲ ತಟ್ಟು: ಅತ್ತೆಯ ತಮ್ಮ ಖಲಫ್. ಎಪ್ಪತ್ತಾರು ವರ್ಷ. ಮೊಮ್ಮಗನ ತೋಳು ಹಿಡಿದು ಅಷ್ಟೂ ಮೆಟ್ಟಿಲು ಹತ್ತಿ ಬಂದಿದ್ದರು. ಉಬ್ಬಸ. ಅಕ್ಕನ ಹಣೆಗೆ ಮುತ್ತಿಟ್ಟರು.

"ಇನ್ನೂ ಬದುಕಿದ್ದೀಯಾ ಮುದುಕಿ?"

"ನೀನು ಬರ್ತೀಯಾ ಅಂತಲೇ ಸಾಯದೆ ಕೂತಿರೋದು ಕಣೋ."

ಕಾಫಿ ಕುಡಿದು, ಒಂದು ಸಿಹಿ ಬಿಸ್ಕತ್ತು ಮುರಿದು, ಹೊರಟರು. ಅತ್ತೆ ಬಹಳ ಹೊತ್ತು ಕೋಲಿನ ಮೇಲೆ ಕೈಯಿಟ್ಟು ಕೂತಿದ್ದರು.

ಜುಮಾನಾ ಹೊರಗೆ ಹೋದಳು. ಬಾಗಿಲು ಎಳೆದುಕೊಂಡಳು. ಮುಷ್ಟಿಯಿಂದ ತಟ್ಟಿದಳು. ಆಮೇಲೆ ತಾನೇ ನೂಕಿ ಒಳಗೆ ಓಡಿ ಬಂದು, ತಿರುಗಿ, ಹೊಸ್ತಿಲಾಚೆ ಯಾರು ಬಂದರೆಂದು ನೋಡಿದಳು. ಯಾರೂ ಇಲ್ಲ. ಮತ್ತೆ ಹೋದಳು. ಮತ್ತೆ ತಟ್ಟಿದಳು. ನಗುತ್ತಿದ್ದಳು, ಆಟ ಅವಳಿಗೆ.

ಅತ್ತೆ ನೋಡುತ್ತಿದ್ದರು. ನನ್ನ ಕಡೆ ತಿರುಗಲಿಲ್ಲ.

"ಬಾಸಿಲ್ ಬಂದನಾ?"

"ನಿನ್ನೆ ಬಂದ ಅತ್ತೆ."

"ಇದೆಯೋ, ಬತ್ತಿಸ್ಕೊಂಡ್ಯೋ?"

"ಗೊತ್ತಿಲ್ಲ."

"ಗೊತ್ತಿಲ್ಲವಂತೆ. ಚಹಾ ಎಲ್ಲಿ ಸುರೀತಿದ್ದೆ ಅಂತ ನನಗೆ ಗೊತ್ತಿಲ್ವಾ?" ಎದ್ದರು. ಶಾಲು ಹೊದ್ದರು. "ಐದನೇ ಸಲಕ್ಕೆ ನಾನೇ ಕೇಳ್ತೀನಿ ಅವನನ್ನ. ಹಬ್ಬದ ದಿನ ಈ ಮುದುಕಿಗೆ ಇಲ್ಲ ಅನ್ಲಿ, ನೋಡೋಣ."

ಕೋಲಿನ ಸದ್ದು ಮೆಟ್ಟಿಲಿಳಿದು ಹೋಯಿತು. ಸುಮ್ಮನೆ ಕೂರಲಾಗದೆ ಬರೆಯುತ್ತಿದ್ದೇನೆ. ಕೆಳಗೆ ಮಾತು. ಬಾಸಿಲ್‌ನ ದಪ್ಪ ದನಿ. ಏಪ್ರಿಕಾಟ್ ಮರದಲ್ಲಿ ಗಾಳಿ... ಯಾರೋ ನಕ್ಕರು, ನುಹಾ ಇರಬೇಕು.

ಕೋಲು ಮೇಲೆ ಬರುತ್ತಿದೆ. ಅದರ ಹಿಂದೆ ಇನ್ನೊಂದು ಜೊತೆ ಚಪ್ಪಲಿ. ಮಗು ಅಳುತ್ತಿದೆ, ಹಸಿದ ಅಳು. ಅತ್ತೆಯ ದನಿ—

"ಅಳಬೇಡ್ವೋ ಮಾರಾಯ, ಬಂತು, ನಿನ್ನ ಅಕ್ಕನ ಮನೆ ಬಂತು. ತಟ್ಟು, ನೀನೇ ತಟ್ಟು."

ಜುಮಾನಾ ಬಾಗಿಲಿಗೆ ಓಡಿದಳು. ನನ್ನ ಅಂಗಿಯ ಬಲಬದಿ ಬೆಚ್ಚಗೆ, ಒದ್ದೆ. ಇದೆ, ಇನ್ನೂ—